ಹಳೆಯ ಕಂಪನಿ ನಾಟಕವನ್ನು ಮತ್ತೆ ರಂಗಕ್ಕೆ ತರುವುದು: ಮಟ್ಟು ಹುಡುಕುವಲ್ಲಿಂದ ಹಾಡುಗಳ ಧ್ವನಿಮುದ್ರಣದವರೆಗೆ

ಕಂಪನಿ ನಾಟಕವೊಂದನ್ನು ಮತ್ತೆ ಆಡಬೇಕೆಂದು ಹೊರಟ ತಂಡಗಳು ಸಾಮಾನ್ಯವಾಗಿ ಮೊದಲು ಪುಸ್ತಕ ಹುಡುಕುತ್ತವೆ, ಆಮೇಲೆ ಪಾತ್ರ ಹಂಚುತ್ತವೆ, ಕೊನೆಯಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಹಾಡು ಕೂಡಿಸುತ್ತವೆ. ಈ ಕ್ರಮವೇ ತಲೆಕೆಳಗು. ಮಾತು ಪುಸ್ತಕದಲ್ಲಿ ಉಳಿದಿರುತ್ತದೆ. ಮಟ್ಟು, ಅಂದರೆ ಹಾಡಿನ ಧಾಟಿ, ಹಾಡಿದವರ ಗಂಟಲಲ್ಲಿ ಮಾತ್ರ ಉಳಿದಿರುತ್ತದೆ, ಅವರ ಜೊತೆಗೇ ಹೋಗಿಬಿಡುತ್ತದೆ. ಈ ನಾಟಕಗಳಲ್ಲಿ ಹಾಡು ಒಡವೆಯಲ್ಲ, ನಡಿಗೆ. ರಾಜ ಬೇಟೆಗೆ ಹೋಗುವುದು, ರಾಣಿ ಕಾಯುವುದು, ಕಳ್ಳ ಒಳಗೆ ನುಗ್ಗುವುದು ಎಲ್ಲವೂ ಹಾಡಿನ ಮೇಲೆಯೇ ಸಾಗುತ್ತದೆ. ಹಾಗಾಗಿ ಮೊದಲು ಮಟ್ಟು, ಆಮೇಲೆ ಶ್ರುತಿ, ಪಾತ್ರ ಹಂಚುವುದು ಮೂರನೆಯ ಕೆಲಸ.

ಮೊದಲ ಪ್ರಯೋಗಕ್ಕೆ ಕನಿಷ್ಠ 5 ತಿಂಗಳು ಇಟ್ಟುಕೊಳ್ಳಿ. ಹಕ್ಕು ಮತ್ತು ಪಠ್ಯಕ್ಕೆ 3 ವಾರ, ಮಟ್ಟಿಗೆ 6 ವಾರ, ಸಂಕ್ಷೇಪಕ್ಕೆ 2 ವಾರ, ತಾಲೀಮಿಗೆ 10 ವಾರ. ಧ್ವನಿಮುದ್ರಣ ಮೊದಲ ಪ್ರಯೋಗಕ್ಕೆ ಮುಂಚೆ ಬೇಡ. ನಾಲ್ಕೈದು ಪ್ರಯೋಗ ಆದ ಮೇಲೆ ಇಟ್ಟುಕೊಳ್ಳಿ.

ಹಕ್ಕು ಯಾರದ್ದು?

‘ಹಳೆಯ ನಾಟಕ ತಾನೆ, ಯಾರು ಕೇಳುತ್ತಾರೆ’ ಎಂದು ಶುರುಮಾಡಿದ ಕೆಲಸ ಧ್ವನಿಮುದ್ರಣದ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ನಡೆಯುತ್ತದೆ. ಅಂದರೆ 1965ರಲ್ಲಿ ತೀರಿಕೊಂಡವರ ಕೃತಿ 2025ರ ಡಿಸೆಂಬರ್ 31ರವರೆಗೆ ಹಕ್ಕಿನಲ್ಲಿತ್ತು, 2026ರ ಜನವರಿ 1ರಿಂದ ಮುಕ್ತ. 1891ರಲ್ಲಿ ತೀರಿಕೊಂಡ ಬಸವಪ್ಪ ಶಾಸ್ತ್ರಿಗಳ ಶಾಕುಂತಲವನ್ನು ಆಡಲು ಯಾರ ಅಪ್ಪಣೆಯೂ ಬೇಡ.

ಒಂದೇ ನಾಟಕದಲ್ಲಿ ಹಕ್ಕಿನ ಮೂರು ಪದರ ಇರಬಹುದು ಎನ್ನುವುದನ್ನು ಹಲವರು ಮರೆಯುತ್ತಾರೆ. ಕಂಪನಿ ನಾಟಕವಲ್ಲದಿದ್ದರೂ ಇದಕ್ಕೆ ಒಳ್ಳೆಯ ಉದಾಹರಣೆ ‘ಸತ್ತವರ ನೆರಳು’. ನಾಟಕ ಶ್ರೀರಂಗರದು, ಅವರು ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ ಮಾತಿನ ಹಕ್ಕು 2044ರ ಕೊನೆಯವರೆಗೆ ಇದೆ. ಹಾಡುಗಳು ಪುರಂದರದಾಸರ ಪದಗಳು, ಅವು ಎಲ್ಲರಿಗೂ ಸೇರಿದವು. ಅವುಗಳಿಗೆ ಬಿ.ವಿ. ಕಾರಂತರು ಕೂಡಿಸಿದ ರಂಗಸಂಗೀತ ಬೇರೆ ಕೃತಿ. ಕಾರಂತರು ತೀರಿಕೊಂಡದ್ದು 2002ರಲ್ಲಿ, ಹಾಗಾಗಿ ಆ ಧಾಟಿಗಳ ಹಕ್ಕು 2062ರ ಕೊನೆಯವರೆಗೆ ನಡೆಯುತ್ತದೆ. ದಾಸರ ಪದ ಮುಕ್ತ ಎಂದು ಕಾರಂತರ ಧಾಟಿಯನ್ನು ಎತ್ತಿಕೊಳ್ಳುವಂತಿಲ್ಲ.

ಅಪ್ಪಣೆ ಪತ್ರದಲ್ಲಿ ನಾಲ್ಕು ಮಾತು ಬೇರೆಬೇರೆಯಾಗಿ ಬರೆಸಿಕೊಳ್ಳಿ: ಎಷ್ಟು ಪ್ರಯೋಗ, ಪಠ್ಯವನ್ನು ಕತ್ತರಿಸಲು ಒಪ್ಪಿಗೆ, ಹಾಡುಗಳ ಧ್ವನಿಮುದ್ರಣ, ಅಂತರ್ಜಾಲದಲ್ಲಿ ಹಂಚಿಕೆ. ‘ಆಡಲು ಒಪ್ಪಿಗೆ’ ಎಂದಷ್ಟೇ ಇದ್ದರೆ ಉಳಿದ ಮೂರೂ ಅದರಲ್ಲಿ ಸೇರುವುದಿಲ್ಲ. ವಾರಸುದಾರರು ಮೂವರು ಮಕ್ಕಳಿದ್ದರೆ ಮೂವರ ಸಹಿಯೂ ಬೇಕು.

ಪಠ್ಯ: ಮಾತ್ರೆ ಎಣಿಸಿ ತಪ್ಪು ಹಿಡಿಯುವುದು

ಅಂದಿನ ಕಂಪನಿಗಳು ಹಾಡುಗಳ ಪುಸ್ತಕವನ್ನು ಬೇರೆಯಾಗಿ ಅಚ್ಚುಹಾಕಿಸಿ ನಾಟಕದ ದಿನ ಮಾರುತ್ತಿದ್ದವು. ಮಾತುಗಳನ್ನು ಮಾತ್ರ ಪ್ರತಿಸ್ಪರ್ಧಿ ಕಂಪನಿಗೆ ಸಿಗದಂತೆ ಕೈಬರಹದಲ್ಲೇ ಇಟ್ಟುಕೊಳ್ಳುತ್ತಿದ್ದವು. ಹೀಗಾಗಿ ಹಾಡಿನ ಪುಸ್ತಕ ಒಂದು ಕಡೆ, ಪ್ರಾಂಪ್ಟರ್ ಪ್ರತಿ (ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುವವರ ಕೈಬರಹದ ಪ್ರತಿ) ಇನ್ನೊಂದು ಕಡೆ ಸಿಗುವುದು ಸಾಮಾನ್ಯ. ಎರಡರಲ್ಲೂ ಹಾಡುಗಳ ಕ್ರಮ ಒಂದೇ ಇದೆಯೇ ನೋಡಿ. ಇಲ್ಲವಾದರೆ ಪ್ರಾಂಪ್ಟರ್ ಪ್ರತಿಯನ್ನು ನಂಬಿ, ಏಕೆಂದರೆ ರಂಗದ ಮೇಲೆ ನಡೆದದ್ದು ಅದೇ.

ಅಚ್ಚಿನ ತಪ್ಪು ಕಂದಪದ್ಯಗಳಲ್ಲಿ ಹೆಚ್ಚು. ಅದೃಷ್ಟಕ್ಕೆ ಕಂದ ತನ್ನ ತಪ್ಪನ್ನು ತಾನೇ ತೋರಿಸುತ್ತದೆ. ಒಂದನೆಯ ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ 20. ನಾಲ್ಕೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಮಾದರಿಗೆಂದು ಕಟ್ಟಿದ ಒಂದು ಸಾಲು ನೋಡಿ: ‘ಅರಸನ ಮಾತಂ ಮರೆತಾ’. ಅರಸನ 4, ಮಾತಂ 4, ಮರೆತಾ 4, ಒಟ್ಟು 12. ಅಚ್ಚಿನವರು ಇದನ್ನು ‘ಅರಸನ ಮಾತು ಮರೆತಾ’ ಎಂದು ಹೊಸಗನ್ನಡ ಮಾಡಿದ್ದರೆ ಮಾತು ಎಂಬುದು 3 ಮಾತ್ರೆಗೆ ಇಳಿದು ಸಾಲು 11ಕ್ಕೆ ನಿಲ್ಲುತ್ತದೆ. ಹಾಡುವಾಗ ನಟ ಅಲ್ಲಿ ಎಡವುತ್ತಾನೆ, ಯಾಕೆಂದು ಅವನಿಗೆ ಗೊತ್ತಾಗುವುದಿಲ್ಲ. ವೃತ್ತಗಳಿಗೆ ಅಕ್ಷರ ಎಣಿಸಿದರೆ ಸಾಕು: ಶಾರ್ದೂಲಕ್ಕೆ 19, ಉತ್ಪಲಮಾಲೆಗೂ ಮತ್ತೇಭಕ್ಕೂ 20, ಚಂಪಕಮಾಲೆಗೆ 21. ಒಂದು ಸಂಜೆ ಇಬ್ಬರು ಕೂತರೆ ಇಡೀ ನಾಟಕದ ಪದ್ಯಗಳನ್ನು ತಿದ್ದಬಹುದು. ತಿದ್ದಿದ ಜಾಗದಲ್ಲೆಲ್ಲ ಅಚ್ಚಿನಲ್ಲಿ ಏನಿತ್ತು ಎಂದು ಅಂಚಿನಲ್ಲಿ ಬರೆದಿಡಿ.

ಮಟ್ಟು: ಪುಸ್ತಕದ ತಲೆಬರಹವನ್ನು ಓದುವ ಬಗೆ

ಹಾಡಿನ ತಲೆಯ ಮೇಲೆ ರಾಗ, ತಾಳ, ಇಲ್ಲವೇ ‘ಇಂಥ ಹಾಡಿನ ಮಟ್ಟು’ ಎಂದಿರುತ್ತದೆ. ಇದನ್ನು ನೋಡಿ ನೇರವಾಗಿ ಹಾಡಿಸಲು ಹೋದರೆ ನಾಟಕವೇ ಬೇರೆಯಾಗಿಬಿಡುತ್ತದೆ. ಕಂಪನಿ ನಾಟಕಕ್ಕೆ ಎರಡು ತವರು. ಮೈಸೂರು ಕಡೆಯದು ಕರ್ನಾಟಕ ಸಂಗೀತ. ಧಾರವಾಡ, ಬೆಳಗಾವಿ, ಗದಗ ಕಡೆಯದು ಹಿಂದೂಸ್ತಾನಿ ಮತ್ತು ಮರಾಠಿ ನಾಟ್ಯಸಂಗೀತ. ‘ಸಂಗೀತ ಶಾಕುಂತಲ’ದಿಂದ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕಂಪನಿಗಳು ಎರಡೂ ಸೀಮೆ ಸುತ್ತಿದವು, ಹಾಡು ಎರಡೂ ಕಡೆಯಿಂದ ಬಂತು, ಹೆಸರುಗಳು ಮಾತ್ರ ಕಲೆಸಿಹೋದವು.

ಎಚ್ಚರ ತಪ್ಪುವ ಜಾಗಗಳು ಇವು. ‘ಭೈರವಿ’ ಎಂದು ಇದ್ದರೆ ಯಾವ ಭೈರವಿ? ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ತೋಡಿಯ ಸ್ವರಗಳು. ಕರ್ನಾಟಕ ಭೈರವಿ ಬೇರೆಯೇ ರಾಗ, ಅದರಲ್ಲಿ ಎರಡೂ ಧೈವತ ಬರುತ್ತವೆ. ‘ತೋಡಿ’ ಎಂದರೆ ಹಿಂದೂಸ್ತಾನಿಯಲ್ಲಿ ಶುಭಪಂತುವರಾಳಿಯ ಸ್ವರಗಳು. ನಮ್ಮ ಹಿಂದೋಳ ಅವರ ಮಾಲಕಂಸ, ಅವರ ಹಿಂದೋಲ್ ಬೇರೆ. ತಾಳದಲ್ಲಿ ದೊಡ್ಡ ಬಲೆ ರೂಪಕ. ಕರ್ನಾಟಕ ರೂಪಕಕ್ಕೆ 6 ಅಕ್ಷರ, ಹಿಂದೂಸ್ತಾನಿ ರೂಪಕಕ್ಕೆ 7 ಮಾತ್ರೆ. ಸಾಹಿತ್ಯದ ಸಾಲನ್ನು ಚಪ್ಪಾಳೆ ತಟ್ಟಿ ಹೇಳಿನೋಡಿ. ಮೂರು ಮೂರಾಗಿ ಬಿದ್ದರೆ ಕರ್ನಾಟಕದ್ದು. ಮೂರು, ಎರಡು, ಎರಡಾಗಿ ಬಿದ್ದರೆ ಹಿಂದೂಸ್ತಾನಿಯದು. ಎರಡಕ್ಕೂ ಕೂಡದೆ ಒದ್ದಾಡಿದರೆ ತಲೆಬರಹವೇ ತಪ್ಪಿರಬಹುದು. ಆಗ 8 ಮಾತ್ರೆಯ ಕೆಹರ್ವಾ ಹಾಕಿ ನೋಡಿ.

ಮಟ್ಟಿನ ಹುಡುಕಾಟದಲ್ಲಿ ಮೊದಲು ಹೋಗಬೇಕಾದದ್ದು ಬದುಕಿರುವ ಹಿರಿಯ ಕಲಾವಿದರ ಬಳಿಗೆ. ‘ಈ ನಾಟಕದ ಹಾಡು ಹೇಳಿ’ ಎಂದರೆ ಅವರಿಗೆ ಎರಡೋ ಮೂರೋ ನೆನಪಾಗುತ್ತವೆ. ಸಂದರ್ಭ ಕೇಳಿ. ‘ಸದಾರಮೆಯನ್ನು ಕಳ್ಳ ಕರೆದೊಯ್ಯುವಾಗ ಏನು ಹಾಡ್ತಿದ್ರಿ?’ ಎಂದರೆ ಮಾತು ಬರುತ್ತದೆ, ಮಾತಿನ ಹಿಂದೆ ಹಾಡು ತಾನಾಗಿ ಎದ್ದುಬರುತ್ತದೆ. ಹಿಂದಿನ ನಾಲ್ಕು ಸಾಲು ಮಾತನ್ನು ನೀವೇ ಎದುರು ಪಾತ್ರವಾಗಿ ಹೇಳಿದರೆ ಇನ್ನೂ ಒಳ್ಳೆಯದು. ಕೈಗೆ ಹಾರ್ಮೋನಿಯಂ ಕೊಟ್ಟು ಕೇಳಿ, ಬೆರಳಿಗೂ ನೆನಪಿರುತ್ತದೆ. ಒಂದು ಬೈಠಕ್ಕಿಗೆ ಒಂದು ಗಂಟೆ ಸಾಕು. ಎರಡು ದಿನ ಬಿಟ್ಟು ಅದೇ ಹಾಡನ್ನು ಮತ್ತೆ ಹಾಡಿಸಿ. ಎರಡು ಸಲವೂ ಒಂದೇ ರೀತಿ ಬಂದದ್ದು ಮಟ್ಟಿನ ಎಲುಬು, ಬದಲಾದದ್ದು ಅವರ ಮನೋಧರ್ಮ. ಸ್ವರಲಿಪಿಗೆ ಎಲುಬನ್ನು ಮಾತ್ರ ಇಳಿಸಿ. ಮೊಬೈಲಿನಲ್ಲಾದರೂ ಸರಿ, ಪೂರ್ತಿ ಬೈಠಕ್ಕನ್ನು ಮುದ್ರಿಸಿಕೊಳ್ಳಿ, ನಡುವಿನ ಮಾತುಕತೆಯನ್ನೂ ಅಳಿಸಬೇಡಿ. ಅವರಿಗೆ ಗೌರವಧನ ಕೊಡುವುದು ಮೊದಲ ದಿನದ ಕೆಲಸ, ಕೊನೆಯ ದಿನದ್ದಲ್ಲ.

ಆಮೇಲೆ ಗ್ರಾಮಫೋನ್ ಪ್ಲೇಟುಗಳು. 10 ಅಂಗುಲದ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಮೂರು, ಮೂರೂಕಾಲು ನಿಮಿಷ. ಆದ್ದರಿಂದ ಪ್ಲೇಟಿನಲ್ಲಿ ಚರಣ ಕಡಿಮೆ, ಕಾಲ ಚುರುಕು. ರಂಗದ ಮೇಲೆ ಅದೇ ಹಾಡು ಎಂಟು ನಿಮಿಷ ನಡೆದಿರಬಹುದು. ಪ್ಲೇಟಿನ ವೇಗವನ್ನೇ ರಂಗದ ವೇಗವೆಂದು ತಿಳಿಯಬೇಡಿ. ಇನ್ನೊಂದು ಮಾತು. ತುಂಬ ಹಳೆಯ ಪ್ಲೇಟುಗಳು ಸರಿಯಾಗಿ 78ರ ವೇಗದಲ್ಲೇ ಮುದ್ರಿತವಾಗಿರಲಿಲ್ಲ. ನಿಮಿಷಕ್ಕೆ ನಾಲ್ಕೂವರೆ ಸುತ್ತು ಹೆಚ್ಚು ಕಡಿಮೆಯಾದರೆ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು, ಸರಿಯುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಪ್ರತಿಯಲ್ಲಿ ಗಂಡಸಿನ ಧ್ವನಿ ಚಿಕ್ಕ ಹುಡುಗನ ಧ್ವನಿಯಂತೆ ತೆಳುವಾಗಿ ಕೇಳಿದರೆ, ಕಂಪಿತ ವಿಪರೀತ ಬೇಗ ನಡುಗಿದರೆ ವೇಗ ತಪ್ಪಿದೆ ಎಂದು ಅರ್ಥ. ಸಾಫ್ಟ್‌ವೇರಿನಲ್ಲಿ ಶ್ರುತಿ, ವೇಗ ಎರಡನ್ನೂ ಒಟ್ಟಿಗೆ ಇಳಿಸಿ. ಶ್ರುತಿಯೊಂದನ್ನೇ ಇಳಿಸಿದರೆ ತಾಳದ ನಡೆ ತಪ್ಪಾಗಿಯೇ ಉಳಿಯುತ್ತದೆ.

ಎಲ್ಲೂ ಸಿಗದ ಹಾಡಿಗೆ ಹೊಸ ಧಾಟಿ ಕೂಡಿಸುವುದು ತಪ್ಪಲ್ಲ. ಆದರೆ ಕರಪತ್ರದಲ್ಲೂ ಮುದ್ರಿಕೆಯಲ್ಲೂ ‘ಹೊಸ ಸಂಯೋಜನೆ’ ಎಂದು ಆ ಹಾಡಿನ ಎದುರಿಗೇ ಬರೆಯಿರಿ. ಹಾಗೆ ಮಾಡದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಹೊಸದೇ ಹಳೆಯದೆಂದು ನಿಂತುಬಿಡುತ್ತದೆ. ರಂಗಗೀತೆಗಳ ಲೋಕದಲ್ಲಿ ಆಗಿರುವ ದೊಡ್ಡ ನಷ್ಟ ಇದು.

ಕತ್ತರಿ ಎಲ್ಲಿ ಆಡಿಸಬೇಕು

ರಾತ್ರಿಯಿಡೀ ನಡೆಯುತ್ತಿದ್ದ ನಾಟಕ ಈಗ ಎರಡೂವರೆ ಗಂಟೆಗೆ ಮುಗಿಯಬೇಕು. 150 ನಿಮಿಷದಲ್ಲಿ 14 ಹಾಡು, ತಲಾ ಮೂರು ನಿಮಿಷದಂತೆ 42 ನಿಮಿಷ. ಹತ್ತು ಹನ್ನೆರಡು ಪದ್ಯಕ್ಕೆ 8 ನಿಮಿಷ. ‘ವನ್ಸ್ ಮೋರ್’ಗೆ 6 ನಿಮಿಷ ಮೀಸಲು. ಅದನ್ನು ಲೆಕ್ಕದಲ್ಲಿ ಇಡದಿದ್ದರೆ ಜನ ಕೂಗಿದಾಗ ನಟರು ಗಡಿಯಾರ ನೋಡುತ್ತಾರೆ.

ಯಾವುದನ್ನು ಬಿಡುವುದು? ಹಾಸ್ಯದ ಜೋಡಿಯ ಹಾಡನ್ನು ಮೊದಲು ಕತ್ತರಿಸುವುದು ಎಲ್ಲ ತಂಡಗಳ ಅಭ್ಯಾಸ, ಕಥೆಗೆ ಅದು ಬೇಕಿಲ್ಲ ಎಂಬ ಕಾರಣಕ್ಕೆ. ಆದರೆ ಆ ಹಾಡು ಬೀದಿ ಪರದೆಯ ಮುಂದೆ ನಡೆಯುತ್ತಿತ್ತು, ಅದರ ಹಿಂದೆ ಅರಮನೆಯನ್ನು ಕಾಡಾಗಿ ಬದಲಿಸುತ್ತಿದ್ದರು. ಹಾಡು ತೆಗೆದರೆ ಆ ಮೂರು ನಿಮಿಷ ಕತ್ತಲಲ್ಲಿ ಹೋಗುತ್ತದೆ. ಅದಕ್ಕೇ ಕತ್ತರಿ ಹಿಡಿಯುವ ಮುಂಚೆ ಪರದೆಗಳ ಪಟ್ಟಿ ಮಾಡಿ: ಯಾವ ದೃಶ್ಯಕ್ಕೆ ಯಾವ ಪರದೆ, ಬದಲಿಸಲು ಎಷ್ಟು ಸೆಕೆಂಡು, ಆಗ ಮುಂದೆ ಏನು ನಡೆಯುತ್ತಿರುತ್ತದೆ. ಬಿಡಬಹುದಾದದ್ದು ಒಂದೇ ಭಾವವನ್ನು ಮತ್ತೆ ಹೇಳುವ ಎರಡನೆಯ ವಿರಹದ ಹಾಡು, ಆಗಲೇ ಮಾತಿನಲ್ಲಿ ಬಂದದ್ದನ್ನು ಮತ್ತೆ ಹೇಳುವ ಪದ್ಯ. ಪಾತ್ರದ ಪ್ರವೇಶದ ಹಾಡನ್ನು ಮುಟ್ಟಬೇಡಿ. ಚರಣ ಮೂರಿದ್ದರೆ ನಡುವಿನದನ್ನು ತೆಗೆಯಿರಿ. ಕೊನೆಯ ಚರಣದಲ್ಲಿ ಸಾಮಾನ್ಯವಾಗಿ ಮುಂದಿನ ಮಾತಿಗೆ ಕೊಂಡಿ ಇರುತ್ತದೆ.

ಶ್ರುತಿ ನೋಡಿ ಪಾತ್ರ

ಮೈಕ್ ಇಲ್ಲದ ಕಾಲದಲ್ಲಿ ಡೇರೆಯ ಕೊನೆಯ ಸಾಲಿಗೆ ಕೇಳಬೇಕೆಂದು ನಟರು ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದಾಗ ಜೋಡಿ ಹಾಡಿನ ಇಬ್ಬರದೂ ಒಂದೇ ಶ್ರುತಿ. ಈಗ ಹಾರ್ಮೋನಿಯಂನ ಬಿಳಿ ಮನೆಗಳ ಲೆಕ್ಕದಲ್ಲಿ ಹೆಂಗಸರ ಶ್ರುತಿ ಐದಾರು ಮನೆ, ಗಂಡಸರದು ಒಂದು, ಒಂದೂವರೆ, ಹೆಚ್ಚೆಂದರೆ ಎರಡು ಮನೆ. ಜೋಡಿ ಹಾಡನ್ನು ನಾಲ್ಕು ಮನೆಗೆ ಇಟ್ಟರೆ ಹೆಂಗಸಿನ ಧ್ವನಿ ಮಂದ್ರದಲ್ಲಿ ಹುದುಗುತ್ತದೆ, ಗಂಡಸು ತಾರಸ್ಥಾಯಿಯಲ್ಲಿ ಕಿರುಚುತ್ತಾನೆ. ಸುಲಭದ ದಾರಿ ಒಂದಿದೆ. ಹಾಡು ಹೆಂಗಸಿನ ಶ್ರುತಿಯಲ್ಲೇ ಇರಲಿ. ಗಂಡಸಿನ ಚರಣವನ್ನು ಅದೇ ಆಧಾರದ ಮೇಲೆ ಒಂದು ಸ್ಥಾಯಿ ಕೆಳಗೆ ಕೂಡಿಸಿ, ಅವನ ಸಾಲುಗಳು ಪಂಚಮದಿಂದ ಮೇಲಕ್ಕೆ ಓಡಾಡುವಂತೆ ತಿದ್ದಿ.

ಪಾತ್ರಕ್ಕೆ ಆರಿಸುವಾಗ ಹಾಡನ್ನು ತಾಲೀಮಿನ ಆರಂಭದಲ್ಲಿ ಕೇಳಬೇಡಿ. ಎರಡು ಗಂಟೆ ಮಾತಿನ ತಾಲೀಮು ಮಾಡಿಸಿದ ಮೇಲೆ ಕೇಳಿ. ಮೂರನೆಯ ಅಂಕದಲ್ಲಿ ಅವರಿಗೆ ಉಳಿಯುವ ಧ್ವನಿ ಅದು. ಆಗ ಸ್ಪಷ್ಟವಾಗಿ ಹೊರಡುವ ಅತಿ ಮೇಲಿನ, ಅತಿ ಕೆಳಗಿನ ಸ್ವರವನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದುಕೊಂಡು, ಅವರ ಹಾಡಿನ ತುತ್ತತುದಿಯ ಸ್ವರದ ಜೊತೆ ಹೋಲಿಸಿ. ಅರ್ಧ ಮನೆಯಷ್ಟಾದರೂ ಉಳಿಕೆ ಇರಬೇಕು.

ಲೆಗ್ ಹಾರ್ಮೋನಿಯಂ ಮತ್ತು ಮೇಳ

ಮೇಳಕ್ಕೆ ಬೇಕಾದದ್ದು ಲೆಗ್ ಹಾರ್ಮೋನಿಯಂ, ತಬಲಾ, ತಾಳ. ಜೊತೆಗೆ ಒಂದು ಪಿಟೀಲು ಅಥವಾ ಕ್ಲಾರಿಯೊನೆಟ್ ಇದ್ದರೆ ತುಂಬಿಕೊಳ್ಳುತ್ತದೆ. ಕ್ಯಾಸಿಯೋ, ರಿದಂ ಪ್ಯಾಡ್ ಇಂದಿನ ಕಂಪನಿಗಳಲ್ಲಿ ಸಾಮಾನ್ಯ, ಅದು ಅವರ ಕಾಲದ ಧ್ವನಿ. 1920ರ ಅಥವಾ 30ರ ದಶಕದ ನಾಟಕಕ್ಕೆ ಮಾತ್ರ ಅವು ಹೊಂದುವುದಿಲ್ಲ. ಲೆಗ್ ಹಾರ್ಮೋನಿಯಂನಲ್ಲಿ ಗಾಳಿ ಕಾಲಿನಿಂದ, ಎರಡೂ ಕೈ ಬಿಡುವು. ಬಲಗೈ ಹಾಡಿನ ಜೊತೆ ಹೋದರೆ ಎಡಗೈ ಆಧಾರ ಹಿಡಿಯುತ್ತದೆ, ಕತ್ತಿವರಸೆಗೆ ಅಬ್ಬರ ತುಂಬುತ್ತದೆ. ಕೈ ಹಾರ್ಮೋನಿಯಂನಲ್ಲಿ ಇದು ಆಗದು.

ಹಳೆಯ ಪೆಟ್ಟಿಗೆ ಸಿಕ್ಕರೆ ಈ ಮೂರು ಪರೀಕ್ಷೆ ಮಾಡಿ. ಕಾಲು ತುಳಿದು ತಿದಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಸುಮ್ಮನಿರಿ. ಬೇಗ ಇಳಿದುಹೋದರೆ ಬಟ್ಟೆಯೋ ಚರ್ಮವೋ ಸೀಳಿದೆ. ಒತ್ತದೆಯೇ ಒಂದು ಸ್ವರ ಕೊಂಯ್ ಎನ್ನುತ್ತಿದ್ದರೆ ಮನೆಯ ಕೆಳಗಿನ ಮುಚ್ಚಳದಲ್ಲಿ ಧೂಳು ಕೂತಿದೆ, ಇಲ್ಲವೇ ಸ್ಪ್ರಿಂಗ್ ಸಡಿಲವಾಗಿದೆ. ಇನ್ನು ಮೊಬೈಲಿನ ಟ್ಯೂನರ್ ಇಟ್ಟು ಎಲ್ಲ ಮನೆಗಳನ್ನೂ ಒಂದೊಂದಾಗಿ ನುಡಿಸಿ ಬರೆದುಕೊಳ್ಳಿ. ಎಲ್ಲವೂ ಒಂದೇ ಅಳತೆಯಲ್ಲಿ ಏರಿದ್ದರೆ ಅಥವಾ ಇಳಿದಿದ್ದರೆ ಮುಟ್ಟಬೇಡಿ, ಉಳಿದ ವಾದ್ಯಗಳನ್ನು ಅದಕ್ಕೆ ಕೂಡಿಸಿ. ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಮಾತ್ರ ರೀಡು (ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆ) ಕೆರೆಯಬೇಕು. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಹಿತ್ತಾಳೆಯನ್ನು ಕೆರೆದ ಮೇಲೆ ಮರಳಿ ಅಂಟಿಸಲಾಗದು, ಈ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸಿ.

ತಾಲೀಮಿನ ಹತ್ತು ವಾರ

ಮೊದಲ ಮೂರು ವಾರ ಬರೀ ಹಾಡು ಮತ್ತು ಪದ್ಯ, ನೆಲದ ಮೇಲೆ ಕೂತು. ನಾಲ್ಕನೆಯ ವಾರದಿಂದ ಮಾತು ಸೇರಲಿ. ಆರನೆಯ ವಾರದಿಂದ ನಡಿಗೆ, ಎಂಟರಿಂದ ಪರದೆ ಮತ್ತು ಉಡುಪು. ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವುದು ಮಾತಿನಿಂದ ಹಾಡಿಗೆ ಏರುವ ಜಾಗ, ಅಂದರೆ ಎತ್ತುಗಡೆ. ಇಂದಿನ ನಟರು ಮಾತು ನಿಲ್ಲಿಸಿ, ಹಾರ್ಮೋನಿಯಂ ಶ್ರುತಿ ಕೊಡುವುದನ್ನು ಕಾದು, ಆಮೇಲೆ ಹಾಡುತ್ತಾರೆ. ಆ ಎರಡು ಸೆಕೆಂಡಿನಲ್ಲಿ ದೃಶ್ಯ ಸತ್ತುಹೋಗುತ್ತದೆ. ಕಂಪನಿ ನಟರು ಮಾತಿನ ಕೊನೆಯ ಸಾಲನ್ನೇ ಆಧಾರ ಷಡ್ಜದ ಹತ್ತಿರಕ್ಕೆ ಎಳೆದು ತರುತ್ತಿದ್ದರು, ಮೇಷ್ಟ್ರು ಆ ಸಾಲಿನ ಕೆಳಗೇ ಮೆಲ್ಲನೆ ಶ್ರುತಿ ಹಿಡಿಯುತ್ತಿದ್ದರು. ಪ್ರತಿ ಹಾಡಿನ ಹಿಂದಿನ ಎರಡು ಸಾಲು ಮಾತನ್ನು ಹಾಡಿನ ಭಾಗವೆಂದೇ ಎಣಿಸಿ, ಅಲ್ಲಿಂದಲೇ ಇಪ್ಪತ್ತು ಸಲ ಮಾಡಿಸಿ.

ರಂಗಶಂಕರದಂಥ ಮುನ್ನೂರು ಚಿಲ್ಲರೆ ಆಸನದ ಮಂದಿರದಲ್ಲಿ ಹಾಡಿಗೆ ಮೈಕ್ ಬೇಡ, ಹಾರ್ಮೋನಿಯಂ ತಗ್ಗಿದರೆ ಸಾಕು. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಮಂದಿರದಲ್ಲಿ ಮೈಕ್ ಬೇಕೇ ಬೇಕು. ಅಲ್ಲಿ ನಟರಿಗೆ ಹಾರ್ಮೋನಿಯಂ ಕೇಳುವಂತೆ ಎರಡೂ ಸೈಡ್ ವಿಂಗಿನಲ್ಲಿ ಒಂದೊಂದು ಮಾನಿಟರ್ ಸ್ಪೀಕರ್ ಇಡಿ. ಶ್ರುತಿ ತಪ್ಪುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ನಟನ ಕಿವಿಗೆ ಆಧಾರ ಬೀಳದಿರುವುದೇ.

ಧ್ವನಿಮುದ್ರಣ

ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ 1943ರ ‘ಓಕ್ಲಹೋಮಾ!’ದ ಹಾಡುಗಳನ್ನು ಅದೇ ನಟರು, ಅದೇ ವಾದ್ಯವೃಂದದೊಂದಿಗೆ ಡೆಕ್ಕಾ ಕಂಪನಿ 78ರ ಪ್ಲೇಟುಗಳ ಕಟ್ಟಾಗಿ ತಂದ ಮೇಲೆ, ನಾಟಕದ ತಂಡವೇ ಹಾಡಿದ ಮುದ್ರಿಕೆ ಅಲ್ಲಿ ಪದ್ಧತಿಯಾಯಿತು. ನಮ್ಮಲ್ಲಿ ರಂಗಗೀತೆಗಳ ಮುದ್ರಿಕೆ ಬಹಳವಿದ್ದರೂ ಹೆಚ್ಚಿನವು ಗಾಯಕರು ಹಾಡಿದ ಬಿಡಿ ಹಾಡುಗಳು. ಒಂದು ಪ್ರಯೋಗವನ್ನು ಅದರ ನಟರ ಧ್ವನಿಯಲ್ಲೇ, ಅದರ ಕ್ರಮದಲ್ಲೇ ಹಿಡಿದಿಟ್ಟದ್ದು ಅಪರೂಪ. ಮರುಪ್ರಯೋಗದ ಅರ್ಧ ಬೆಲೆ ಇರುವುದು ಇಲ್ಲೇ. ಪ್ರಯೋಗ ಹದಿನೈದಕ್ಕೋ ಇಪ್ಪತ್ತಕ್ಕೋ ನಿಲ್ಲುತ್ತದೆ, ಮುಂದಿನ ತಂಡಕ್ಕೆ ಸಿಗುವುದು ಮುದ್ರಿಕೆ ಮಾತ್ರ.

14 ಹಾಡಿಗೆ ಮೂರು ದಿನ ಇಡಿ, ದಿನಕ್ಕೆ ಐದು ಹಾಡು. ಕಥೆಯ ಕ್ರಮದಲ್ಲಿ ಹಾಡಿಸಬೇಡಿ, ಶ್ರುತಿಯ ಗುಂಪಿನಲ್ಲಿ ಹಾಡಿಸಿ. ಒಂದೂವರೆ ಮನೆಯ ಹಾಡೆಲ್ಲ ಒಂದು ದಿನ, ಐದೂವರೆಯದೆಲ್ಲ ಇನ್ನೊಂದು ದಿನ. ಹಾಗೆ ಮಾಡಿದರೆ ತಬಲಾ ಮತ್ತೆ ಮತ್ತೆ ಕೂಡಿಸುವುದು ತಪ್ಪುತ್ತದೆ. ಒಂದು ದಾಯಾಂ (ಬಲಗೈಯ ತಬಲಾ) ತನ್ನ ಜಾಗದಿಂದ ಒಂದು ಮನೆಗಿಂತ ಹೆಚ್ಚು ಏರಿದರೆ ಚರ್ಮ ಬಿಗಿದು ನಾದ ಒಣಗುತ್ತದೆ, ಇಳಿದರೆ ಮಂಕಾಗುತ್ತದೆ. ಬೇರೆ ಶ್ರುತಿಗೆ ಬೇರೆ ದಾಯಾಂ ತರಿಸಿ. ತಾರಸ್ಥಾಯಿಯ ಹಾಡುಗಳು ಬೆಳಿಗ್ಗೆ ಹನ್ನೊಂದರಿಂದ ಒಂದರೊಳಗೆ ಮುಗಿಯಲಿ.

ಹಾರ್ಮೋನಿಯಂ, ತಬಲಾ, ಹಾಡು ಮೂರನ್ನೂ ಒಟ್ಟಿಗೆ ಮುದ್ರಿಸಿ. ಮೊದಲು ವಾದ್ಯ, ಆಮೇಲೆ ಹಾಡು ಎಂಬ ಸ್ಟುಡಿಯೋ ಪದ್ಧತಿ ಇಲ್ಲಿ ಸಲ್ಲದು. ರಂಗಗೀತೆಯಲ್ಲಿ ನಟ ಒಂದು ಪದವನ್ನು ಹಿಡಿದು ನಿಲ್ಲಿಸುತ್ತಾನೆ, ಮೇಷ್ಟ್ರು ಕಾಯುತ್ತಾರೆ, ತಬಲಾ ಆಮೇಲೆ ಬಂದು ಕೂಡಿಕೊಳ್ಳುತ್ತದೆ. ಕಿವಿಗೆ ಕ್ಲಿಕ್ (ಲಯ ತಪ್ಪದಂತೆ ಕೇಳಿಸುವ ಟಿಕ್ ಟಿಕ್ ಸದ್ದು) ಹಾಕಿದರೆ ಆ ಕಾಯುವಿಕೆಯೇ ಹೋಗುತ್ತದೆ. ಒಂದರ ಧ್ವನಿ ಇನ್ನೊಂದರ ಮೈಕಿಗೆ ಸೋರುವುದನ್ನು ತಡೆಯಲು ತಬಲಾ ಮತ್ತು ಹಾಡುಗಾರರ ನಡುವೆ ಮರದ ಚೌಕಟ್ಟಿಗೆ ದಪ್ಪ ರಗ್ಗು ಹೊದಿಸಿ ನಿಲ್ಲಿಸಿ. ಎಲ್ಲರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಕಿಂಡಿ ಬಿಡಿ.

ಮೈಕುಗಳ ಜಾಗ ಹೀಗಿರಲಿ. ತಬಲಾಗೆ ಎರಡು, ದಾಯಾಂ, ಬಾಯಾಂ ಒಂದೊಂದಕ್ಕೆ 20ರಿಂದ 25 ಸೆಂಟಿಮೀಟರ್ ಮೇಲೆ. ಹಾರ್ಮೋನಿಯಂ ಮೈಕನ್ನು ಮನೆಗಳ ಕಡೆ ಇಡಬೇಡಿ, ಬೆರಳಿನ ಟಕ್ ಟಕ್ ಕೇಳುತ್ತದೆ. ರೀಡುಗಳ ನಾದ ಹೊರಬರುವ ಕಡೆ 40ರಿಂದ 50 ಸೆಂಟಿಮೀಟರ್ ದೂರದಲ್ಲಿಡಿ. ಕಾಲ್ಮಣೆಯ ಕೀಲಿಗೆ ಎಣ್ಣೆ ಬಿಟ್ಟು, ಕೆಳಗೆ ಜಮಖಾನ ಹಾಸಿ, ಮೇಷ್ಟ್ರು ಬರಿಗಾಲಲ್ಲಿ ತುಳಿಯಲಿ. ಇದೊಂದು ಬಿಟ್ಟುಹೋದರೆ ಪ್ರತಿ ಹಾಡಿನ ಕೆಳಗೂ ಕೀಚ್ ಕೀಚ್ ಸದ್ದು ಓಡುತ್ತಿರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಹಾಡುಗಾರರಿಗೆ ಸಾಮಾನ್ಯವಾಗಿ 20 ಸೆಂಟಿಮೀಟರ್ ಸರಿ. ತುಂಬು ಕಂಠದ ರಂಗನಟರಿಗೆ ಅದು ತೀರಾ ಹತ್ತಿರ, ಅವರನ್ನು 40ರಿಂದ 60ಕ್ಕೆ ಹಿಂದೆ ನಿಲ್ಲಿಸಿ. ಕೂರಿಸಬೇಡಿ, ಕೈ ಆಡಿಸಲು ಜಾಗ ಕೊಡಿ. ಕೈ ಕಟ್ಟಿಹಾಕಿದರೆ ಹಾಡು ಪಾಠ ಒಪ್ಪಿಸಿದಂತಾಗುತ್ತದೆ.

24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ. ಅತಿ ಜೋರಿನ ಜಾಗ ಮೀಟರಿನಲ್ಲಿ ಮೈನಸ್ 10 ಅಥವಾ 12 ಡೆಸಿಬೆಲ್ ದಾಟದಿರಲಿ. ತಾಲೀಮಿಗಿಂತ ಮುದ್ರಣದಲ್ಲಿ ನಟರು ಜೋರಾಗಿ ಹಾಡುತ್ತಾರೆ, ಆ ಉಳಿಕೆ ಬೇಕಾಗುತ್ತದೆ. ಪ್ರತಿ ಹಾಡಿನ ಹಿಂದಿನ ಎರಡು ಮೂರು ಸಾಲು ಮಾತನ್ನೂ ಸೇರಿಸಿ. ಒಂದು ಹಾಡನ್ನು ಪೂರ್ತಿಯಾಗಿ ಮೂರು ಸಲ ಹಾಡಿಸಿ, ಬಿಡಿ ಸಾಲುಗಳನ್ನು ಅಂಟಿಸುವುದು ಅನಿವಾರ್ಯವಾದಲ್ಲಿ ಮಾತ್ರ. ಶ್ರುತಿ ಯಂತ್ರದಿಂದ ತಿದ್ದಿಸಬೇಡಿ. ಹಾರ್ಮೋನಿಯಂನ ಗಾಂಧಾರಕ್ಕಿಂತ ಹಾಡುಗಾರರ ಗಾಂಧಾರ ಸ್ವಲ್ಪ ಕೆಳಗಿರುವುದು ಸಹಜ, ಯಂತ್ರಕ್ಕೆ ಅದು ತಪ್ಪಾಗಿ ಕಾಣುತ್ತದೆ. ಪ್ರತಿ ದಿನ ಯಾರೂ ಉಸಿರೆತ್ತದೆ 30 ಸೆಕೆಂಡು ಖಾಲಿ ಕೋಣೆಯ ಸದ್ದನ್ನೂ ಮುದ್ರಿಸಿಕೊಳ್ಳಿ, ಜೋಡಣೆಯಲ್ಲಿ ಬೇಕಾಗುತ್ತದೆ.

ಮುದ್ರಣದ ಮುಂಚೆಯೇ ಎಲ್ಲ ನಟರು, ವಾದ್ಯದವರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕಾಯ್ದೆಯಲ್ಲಿ ಪ್ರದರ್ಶಕರಿಗೂ ಹಕ್ಕಿದೆ, ಅದು 50 ವರ್ಷದ್ದು. ಹಣ ಬಂದರೆ ಯಾರಿಗೆ ಎಷ್ಟು ಪಾಲು ಎಂಬುದು ಅಂದೇ ಬರೆಯಲ್ಪಡಲಿ.

ಬಿಡುಗಡೆ

ಅಂತರ್ಜಾಲದ ಸಂಗೀತ ತಾಣಗಳಿಗೆ ಸರಾಸರಿ ಜೋರು ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿಯ ಜೋರನ್ನು ಅಳೆಯುವ ಮಾನ) ಸುತ್ತ ಇದ್ದರೆ ಸಾಕು. ಪ್ರತಿ ಹಾಡಿಗೂ ಐಎಸ್‌ಆರ್‌ಸಿ (ಮುದ್ರಣವನ್ನು ಗುರುತಿಸುವ) ಸಂಖ್ಯೆ ಬೇಕು, ವಿತರಕರ ಮೂಲಕವೂ ಸಿಗುತ್ತದೆ. ಸಂಯೋಜಕರ ಜಾಗದಲ್ಲಿ ಮೇಷ್ಟ್ರ ಹೆಸರು ಹಾಕುವ ಮುಂಚೆ ಯೋಚಿಸಿ. ಮಟ್ಟು ಸಾಂಪ್ರದಾಯಿಕವಾದರೆ ಹಾಗೆಂದೇ ಬರೆದು, ಮೇಷ್ಟ್ರ ಹೆಸರನ್ನು ‘ರಂಗಸಂಗೀತ ನಿರ್ವಹಣೆ’ ಎಂದು ಕೊಡಿ. ಹಳೆಯ ಮಟ್ಟನ್ನು ಒಬ್ಬರ ಹೆಸರಿಗೆ ನೋಂದಾಯಿಸಿಬಿಟ್ಟರೆ ಮುಂದೆ ಅದೇ ಹಾಡು ಹಾಡಿದ ಊರಿನ ಹವ್ಯಾಸಿ ತಂಡದ ವಿಡಿಯೋಗೆ ಯೂಟ್ಯೂಬ್ ತಾನಾಗಿ ಹಕ್ಕಿನ ತಕರಾರು ಹಚ್ಚಬಹುದು. ಜೊತೆಗೆ ಸ್ವರಲಿಪಿ, ಮೂಲ ಪುಸ್ತಕದ ತಲೆಬರಹ, ಹಾಡು ಕಲಿಸಿದ ಹಿರಿಯರ ಹೆಸರು ಇರುವ ಪುಟ್ಟ ಪುಸ್ತಿಕೆಯನ್ನು ಪಿಡಿಎಫ್ ಆಗಿ ಬಿಡುಗಡೆ ಮಾಡಿ. ಮೂಲ ಕಡತಗಳ ಮೂರು ಪ್ರತಿ ಮಾಡಿ ಎರಡು ಬೇರೆ ಊರುಗಳಲ್ಲಿ ಇಡಿ.

ಪ್ರಶಸ್ತಿಗೆ ಕಳಿಸುವುದಾದರೆ

ರಾಜ್ಯದ ಗುಬ್ಬಿ ವೀರಣ್ಣ ಪ್ರಶಸ್ತಿಯಾಗಲಿ, ನಾಟಕ ಅಕಾಡೆಮಿಯ ಪ್ರಶಸ್ತಿಗಳಾಗಲಿ ವ್ಯಕ್ತಿಯ ಸೇವೆಗೆ ಸಲ್ಲುವಂಥವು. ಒಂದು ಪ್ರಯೋಗವನ್ನೇ ಹಿಡಿದು ನಟನೆ, ಬೆಳಕು, ಉಡುಪು, ಧ್ವನಿ ಎಂದು ಬೇರೆಬೇರೆಯಾಗಿ ತೂಗುವುದು 2006ರಿಂದ ದೆಹಲಿಯಲ್ಲಿ ನಡೆಯುತ್ತಿರುವ ಮೆಟಾ (ಮಹೀಂದ್ರಾ ಎಕ್ಸಲೆನ್ಸ್ ಇನ್ ಥಿಯೇಟರ್ ಅವಾರ್ಡ್ಸ್). ದೇಶದೆಲ್ಲೆಡೆಯಿಂದ ಬಂದ ಅರ್ಜಿಗಳಿಂದ ಹತ್ತು ನಾಟಕ ಆರಿಸಿ ಉತ್ಸವದಲ್ಲಿ ಆಡಿಸುತ್ತಾರೆ. ಮೊದಲ ಸುತ್ತಿನ ಆಯ್ಕೆ ವಿಡಿಯೋ ನೋಡಿಯೇ ನಡೆಯುವುದರಿಂದ ಸಂಗೀತ ನಾಟಕಗಳು ಅಲ್ಲೇ ಮುಗ್ಗರಿಸುತ್ತವೆ. ಕ್ಯಾಮೆರಾದ ಸ್ವಂತ ಮೈಕಿನಲ್ಲಿ ಹಾರ್ಮೋನಿಯಂ ಎಲ್ಲವನ್ನೂ ನುಂಗಿಬಿಡುತ್ತದೆ.

ಹಾಗಾಗಿ ಮೂರನೆಯ ಅಥವಾ ನಾಲ್ಕನೆಯ ಪ್ರಯೋಗದಂದು ಒಂದು ಕ್ಯಾಮೆರಾವನ್ನು ನಡುಸಾಲಿನಲ್ಲಿ, ಕೂತವರ ತಲೆಗಿಂತ ಮೇಲೆ, ಇಡೀ ರಂಗ ಕಾಣುವಂತೆ ನಿಲ್ಲಿಸಿ ಬೆಳಕಿನ ಅಳತೆಯನ್ನು ಕೈಯಾರೆ ಕಟ್ಟಿಹಾಕಿ. ಇಲ್ಲವಾದರೆ ಪ್ರತಿ ಬೆಳಕಿನ ಬದಲಾವಣೆಗೂ ಚಿತ್ರ ಮಿಣುಕುತ್ತದೆ. ಎರಡನೆಯ ಕ್ಯಾಮೆರಾ ಮುಖಗಳಿಗೆ. ಧ್ವನಿಯನ್ನು ಮಿಕ್ಸರಿನಿಂದ ಒಂದು ಎಳೆ, ರಂಗದ ಅಂಚಿನಲ್ಲಿ ಇಟ್ಟ ಎರಡು ಮೈಕಿನಿಂದ ಇನ್ನೊಂದು ಎಳೆ ತೆಗೆದುಕೊಂಡು, ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆದು ಹೊಂದಿಸಿ. ಸ್ಟುಡಿಯೋದಲ್ಲಿ ಮುದ್ರಿಸಿದ ಹಾಡನ್ನು ಈ ವಿಡಿಯೋಗೆ ಅಂಟಿಸಬೇಡಿ. ತುಟಿ ಹೊಂದುವುದಿಲ್ಲ, ಅದು ಪ್ರಾಮಾಣಿಕವೂ ಅಲ್ಲ. ಇಂಗ್ಲಿಷ್ ಅಡಿಬರಹ ಹಾಕುವಾಗ ಮಾತಿಗೆ ಪೂರ್ತಿ ಅನುವಾದ ಕೊಡಿ. ಪದ್ಯಗಳಿಗೆ ಭಾವಾರ್ಥದ ಒಂದೇ ಸಾಲು ಸಾಕು, ಅದೂ ಆಲಾಪ ಮುಗಿದು ಪದ ಶುರುವಾದ ಮೇಲೆ ಬರಲಿ. ಸಭಿಕರು ‘ವನ್ಸ್ ಮೋರ್’ ಎಂದು ಕೂಗಿದ್ದು, ನಟ ಮತ್ತೆ ಎತ್ತಿಕೊಂಡದ್ದು ವಿಡಿಯೋದಲ್ಲಿ ಬಂದಿದ್ದರೆ ಅದನ್ನು ತೆಗೆಯಬೇಡಿ.